ಜೀಪಿನ ತೇಗಿಗೊಂದು ಶೀಸೆ

ನಮ್ಮ ಅಡುಗೆಮನೆಯಲ್ಲಿ ಕಾಚಂಪುಳಿಯ ಶೀಸೆಯ ಕೊರಳಿಗೆ ಒಂದು ಕೆಂಪು ದಾರ ಕಟ್ಟಿದೆ. ಮನೆಗೆ ಬಂದವರು ಅದನ್ನು ನೋಡಿ ಯಾವ ದೇವರ ಹರಕೆ ಎಂದು ಕೇಳುತ್ತಾರೆ. ನನ್ನ ಹೆಂಡತಿ ದೇವಕಿ ನನ್ನ ಕಡೆ ನೋಡುತ್ತಾಳೆ. ಬಂದವರೂ ನನ್ನ ಕಡೆ ನೋಡುತ್ತಾರೆ. ಆಗ ನಾನು ಕಾಫಿ ಆರುತ್ತಿದೆ ಎಂದೋ, ಈ ಸಲ ತೋಟಕ್ಕೆ ಕಾಫಿ ಹೂ ಅರಳಿಸುವ ಹೂಮಳೆ ಚೆನ್ನಾಗಿ ಬಿತ್ತು ಎಂದೋ ಮಾತು ತಿರುಗಿಸುತ್ತೇನೆ. ತಿರುಗಿಸಿ ತಿರುಗಿಸಿ ನನಗೂ ಸಾಕಾಗಿದೆ. ನಿಮಗಾದರೂ ಹೇಳಿಬಿಡುತ್ತೇನೆ. ನಾಳೆ ನೀವು ನಮ್ಮಲ್ಲಿಗೆ ಊಟಕ್ಕೆ ಬರುವವರು, ಮೊದಲೇ ತಿಳಿದಿದ್ದರೆ ಒಳ್ಳೆಯದು.

ಕೊಡಗಿನವರಲ್ಲದವರಿಗಾಗಿ ಒಂದು ಮಾತು. ಕಾಚಂಪುಳಿ ಎಂದರೆ ನಮ್ಮ ಹಂದಿ ಸಾರಿನ ಜೀವ. ಮಳೆಗಾಲದಲ್ಲಿ ಉದುರುವ ಹುಳಿಹಣ್ಣುಗಳನ್ನು ಬುಟ್ಟಿಯಲ್ಲಿ ರಾಶಿ ಹಾಕಿ, ಕೆಳಗೊಂದು ಪಾತ್ರೆ ಇಟ್ಟು ಬಿಟ್ಟರೆ ರಸ ತೊಟ್ಟು ತೊಟ್ಟಾಗಿ ಇಳಿಯುತ್ತದೆ. ಅದನ್ನು ಒಲೆಯ ಮೇಲಿಟ್ಟು ಕುದಿಸಿ ಕುದಿಸಿ ಇಂಗಿಸಿದರೆ ಕೊನೆಗೆ ಕಪ್ಪಗೆ, ಮಂದವಾಗಿ, ಚಮಚಕ್ಕೆ ಅಂಟಿಕೊಳ್ಳುವ ಹಾಗೆ ಉಳಿಯುವುದೇ ಕಾಚಂಪುಳಿ. ಒಂದು ಕೊಳಗ ಸಾರಿಗೆ ಒಂದೆರಡು ಸೌಟು ಸಾಕು. ಕಪ್ಪು, ಮಂದ, ಅಂಟು ಎಂಬ ಈ ಮೂರು ಗುಣಗಳನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಇನ್ನು ಜೀಪಿನ ವಿಚಾರ. ಕೊಡಗು ಮೈಸೂರು ರಾಜ್ಯದೊಳಗೆ ಸೇರಿದ ಹೊಸತರಲ್ಲಿ ಎಲ್ಲ ಕಡೆಯೂ ಜೋಡಣೆಯ ಮಾತೇ. ನಾನೂ ಒಂದು ಜೋಡಣೆ ಮಾಡಿದೆ. ಮಿಲಿಟರಿಯವರು ಬೇಡವೆಂದು ಮಾರಿದ ಒಂದು ಜೀಪು ನನ್ನ ಕೈಗೆ ಬಂದಿತ್ತು. ಮಾದಾಪುರದ ನಮ್ಮ ತೋಟದ ಏರಿಗೆ ಅದು ಪೆಟ್ರೋಲನ್ನು ಮದುವೆಮನೆಯ ನೆಂಟರು ಕಾಫಿ ಕುಡಿದ ಹಾಗೆ ಕುಡಿಯುತ್ತಿತ್ತು. ಮಡಿಕೇರಿಯ ಮೆಕ್ಯಾನಿಕ್ ಮೊಯ್ದು ಅದರ ಪೆಟ್ರೋಲ್ ಎಂಜಿನ್ ಕಿತ್ತು, ಎಲ್ಲಿಂದಲೋ ತಂದ ಒಂದು ಹಳೇ ಡೀಸೆಲ್ ಎಂಜಿನ್ ಕೂರಿಸಿದ. ಕೂರಿಸಿ, ಕೈ ಒರೆಸಿಕೊಂಡು, ತನ್ನ ಮಲಯಾಳ ಬೆರೆತ ಕನ್ನಡದಲ್ಲಿ, "ಇನಿ ನೋಡಿ ಗೌಡ್ರೇ, ಆನೆ ಮಾದರಿ ಹೋಗ್ತದೆ" ಅಂದ. ಮಾತು ಸುಳ್ಳಲ್ಲ. ಹೋಗುವುದೂ ಆನೆಯ ಹಾಗೆ, ಸದ್ದೂ ಆನೆಯ ಹಾಗೆ, ಇಳಿಜಾರಿನಲ್ಲಿ ನಾವು ಹೇಳಿದ್ದನ್ನು ಕೇಳದಿರುವುದೂ ಆನೆಯ ಹಾಗೆಯೇ.

ಆದರೆ ಒಂದು ದೋಷ ಇತ್ತು. ಅದು ತೇಗುತ್ತಿತ್ತು.

ಎಂಜಿನ್ನಿಗೆ ವಯಸ್ಸಾದರೆ ಒಳಗೆ ಉರಿದ ಹೊಗೆ ಎಲ್ಲವೂ ಸೈಲೆನ್ಸರಿನ ದಾರಿ ಹಿಡಿಯುವುದಿಲ್ಲ. ಒಂದಿಷ್ಟು ಪಿಸ್ಟನ್ನಿನ ಸಂದಿಯಿಂದ ನುಸುಳಿ ಕೆಳಗೆ ಎಣ್ಣೆ ಇರುವ ಹೊಟ್ಟೆಗೆ ಇಳಿಯುತ್ತದೆ. ಅಲ್ಲಿಂದ ಹೊರಬೀಳಲಿ ಎಂದು ಒಂದು ಉಸಿರು ಕೊಳವೆ ಇಟ್ಟಿರುತ್ತಾರೆ. ಹೊಗೆ ಬರುವಾಗ ಬರಿಗೈಯಲ್ಲಿ ಬರುವುದಿಲ್ಲ, ಎಣ್ಣೆಯ ಹನಿಗಳನ್ನೂ ಹೊತ್ತುಕೊಂಡು ಬರುತ್ತದೆ. ಐದು ಪ್ರಾಣಗಳ ಜೊತೆ ಐದು ಉಪಪ್ರಾಣಗಳೂ ಇವೆ, ಅವುಗಳಲ್ಲಿ ತೇಗಿಗೆ ಅಧಿಪತಿ ನಾಗ ಎಂಬ ವಾಯು ಎಂದು ಹಿರಿಯರು ಹೇಳುತ್ತಾರೆ. ನಮ್ಮ ಜೀಪಿನ ನಾಗ ಏರು ಬಂದಾಗಲೆಲ್ಲ ಹೆಡೆ ಎತ್ತುತ್ತಿದ್ದ. ಗೇರಿನ ಕೋಲಿನ ಸುತ್ತ ಇದ್ದ ತೂತಿನಿಂದ ಒಳಗೇ ಬಂದು ನಮ್ಮ ನಡುವೆ ಕೂರುತ್ತಿದ್ದ.

ನನಗೆ ಆ ವಾಸನೆ ಅಷ್ಟೇನೂ ತಿಳಿಯುತ್ತಿರಲಿಲ್ಲ. ದೇವಕಿಯ ಮೂಗು ಬೇರೆ. ತೋಟದ ಯಾವ ಮೂಲೆಯಲ್ಲಿ ಹಲಸು ಹಣ್ಣಾಗಿದೆ ಎಂದು ಅಂಗಳದಲ್ಲೇ ನಿಂತು ಹೇಳುವ ಮೂಗು ಅದು. ಕಾಫಿ ಬೀಜ ಹುರಿಯುವಾಗ ಒಂದು ಸುತ್ತು ಹೆಚ್ಚಾದರೂ ಒಳಮನೆಯಿಂದ ಕೂಗು ಬರುತ್ತದೆ. ನಾನು ಗದ್ದೆಯ ಬದುವಿನಲ್ಲಿ ಕದ್ದು ಸೇದಿದ ಬೀಡಿ, ಸ್ನಾನ ಮಾಡಿ ಬಂದ ಮೇಲೂ ಅವಳಿಗೆ ಗೊತ್ತಾಗುತ್ತಿತ್ತು. ನಿನ್ನ ಮೂಗು ಪೊಲೀಸ್ ಇಲಾಖೆಯಲ್ಲಿ ಇರಬೇಕಿತ್ತು ಎಂದು ನಾನು ನೆಂಟರ ಮುಂದೆಲ್ಲ ನಗಾಡುತ್ತಿದ್ದೆ. ಅವಳು ನಗುತ್ತಿರಲಿಲ್ಲ. ಹೊಸ ಸೀರೆ ಉಟ್ಟು ಜೀಪಿನಲ್ಲಿ ಹೋದ ಒಂದು ದಿನ, ಮನೆಗೆ ಬಂದು ಸೆರಗನ್ನು ಮೂಸಿ ನೋಡಿ, "ನಂಗೆ ಬೊಡ ನಿಮ್ಮ ಗಾಡಿ" ಎಂದುಬಿಟ್ಟಳು.

ನಮ್ಮ ಮನೆಮಾತು ಅರೆಭಾಷೆ. ಅದರಲ್ಲಿ ಬೇಡ ಎನ್ನುವುದಕ್ಕೆ ಬೊಡ ಎನ್ನುತ್ತೇವೆ. ಬೇಡದ ಹತ್ತಿರ ಸ್ವಲ್ಪ ಚೌಕಾಶಿ ಮಾಡಬಹುದು. ಬೊಡದ ಹತ್ತಿರ ಆಗುವುದಿಲ್ಲ. ಅಂದಿನಿಂದ ಅವಳು ಸಂಪಾಜೆಯ ತವರಿಗೆ ಹೋಗುವುದು ಬಸ್ಸಿನಲ್ಲಿ, ನಾನು ಹಿಂದಿನಿಂದ ಖಾಲಿ ಜೀಪಿನಲ್ಲಿ. ಬಸ್ಸಿನ ಕಿಟಕಿಯಲ್ಲಿ ಅವಳ ಜಡೆ ಕಾಣುತ್ತಿತ್ತು. ತಿರುವಿನಲ್ಲಿ ಬಸ್ಸಿಗೆ ದಾರಿ ಬಿಟ್ಟುಕೊಡುವಾಗ, ಸ್ವಂತ ಹೆಂಡತಿಗೆ ಬೆಂಗಾವಲು ಹೋಗುವ ಪೇದೆಯ ಹಾಗೆ ಅನ್ನಿಸುತ್ತಿತ್ತು. ಪಕ್ಕದ ಸೀಟು ಖಾಲಿ ಇರುವ ಜೀಪು ಓಡಿಸುವುದಕ್ಕಿಂತ ನಡೆದು ಹೋಗುವುದು ಮೇಲು. ಇದನ್ನು ಅವಳಿಗೆ ಹೇಳಬಹುದಿತ್ತು. ಹೇಳಲಿಲ್ಲ, ಗಂಡಸು ನೋಡಿ.

ಅಷ್ಟರಲ್ಲಿ ಅವಳ ತಂಗಿಯ ಮದುವೆ ಗೊತ್ತಾಯಿತು. ಆ ಮದುವೆಗೆ ನಾವಿಬ್ಬರೂ ಒಂದೇ ಗಾಡಿಯಲ್ಲಿ ಹೋಗಿ ಇಳಿಯಬೇಕು ಎಂದು ನಾನು ಮನಸ್ಸಿನಲ್ಲೇ ಪಣ ತೊಟ್ಟೆ. ಮೊಯ್ದುವನ್ನು ಕೇಳಿದೆ. "ಎಂಜಿನ್‌ಗೆ ವಯಸ್ಸಾಯ್ತಲ್ಲಾ ಗೌಡ್ರೇ, ಮುದುಕ್ರು ತೇಗಿದ್ರೆ ನಾವು ಎಂದ ಮಾಡೋದು?" ಎಂದು ನಕ್ಕ. ಸರಿ, ನಾನೇ ಮಾಡುತ್ತೇನೆ ಎಂದು ಹೊರಟೆ. ಹೊರಬರುವ ಎಣ್ಣೆಯನ್ನು ಒಂದು ಪಾತ್ರೆಯಲ್ಲಿ ಹಿಡಿದರಾಯಿತು, ಅಷ್ಟೇ ತಾನೆ?

ಮೊದಲ ಸಲ ಬಿಸ್ಕತ್ತಿನ ಒಂದು ತಗಡಿನ ಡಬ್ಬಿ ತಂದು, ಉಸಿರು ಕೊಳವೆಗೆ ರಬ್ಬರ್ ಪೈಪು ಸಿಕ್ಕಿಸಿ, ಪೈಪನ್ನು ಡಬ್ಬಿಗೆ ಇಳಿಸಿ, ಮುಚ್ಚಳ ಬಿಗಿದು, ಸಂದಿಗೆಲ್ಲ ಮೇಣ ಮೆತ್ತಿದೆ. ಒಂದು ತೊಟ್ಟು ವಾಸನೆಯೂ ಹೊರಬರಬಾರದು ನೋಡಿ. ಮಾದಾಪುರದ ಏರಿನ ಅರ್ಧಕ್ಕೆ ಬಂದಿರಲಿಲ್ಲ, ಬಾನೆಟ್ಟಿನೊಳಗೆ ಢಬ್ ಎಂದಿತು. ಇಳಿದು ನೋಡಿದರೆ ಮುಚ್ಚಳ ಹಾರಿ ಒಂದು ಕಡೆ ಬಿದ್ದಿದೆ, ಎಣ್ಣೆ ಅಳೆಯುವ ಕಡ್ಡಿ ತನ್ನ ಜಾಗದಿಂದ ಮೇಲೆದ್ದು ನಿಂತಿದೆ, ಎಂಜಿನ್ನಿನ ಮೈಯೆಲ್ಲ ಅಭ್ಯಂಜನ. ತೇಗು, ಸೀನು, ಆಕಳಿಕೆಗಳನ್ನು ತಡೆದರೆ ರೋಗ ಬರುತ್ತದೆ ಎಂದು ಆಯುರ್ವೇದದವರು ಹೇಳುವುದು ಸುಮ್ಮನೆ ಅಲ್ಲ. ತೇಗನ್ನು ಹಿಡಿಯಬೇಕು, ಆದರೆ ಮುಚ್ಚಬಾರದು. ಒಳಗೆ ಬಂದ ಗಾಳಿಗೆ ಹೊರಗೆ ಹೋಗಲು ಇನ್ನೊಂದು ದಾರಿ ಬೇಕು.

ದಾರಿ ತೋರಿಸಿದ್ದು ಅಡುಗೆಮನೆಯ ಹಿಂದೆ ಮಳೆಗಾಲಕ್ಕೆ ಕಾಯುತ್ತ ಬೋರಲು ಬಿದ್ದಿದ್ದ ಕಾಚಂಪುಳಿಯ ಬುಟ್ಟಿ. ಹಣ್ಣಿನ ರಾಶಿಯಿಂದ ಗಾಳಿ ಆಡುತ್ತದೆ, ರಸ ಮಾತ್ರ ಕೆಳಗಿಳಿಯುತ್ತದೆ. ಯೋಚಿಸಿ ನೋಡಿದರೆ ನಮ್ಮ ಕೊಡಗಿನ ವಿದ್ಯೆಯೆಲ್ಲ ತೊಟ್ಟಿಕ್ಕುವುದರ ಕೆಳಗೆ ಪಾತ್ರೆ ಇಡುವುದೇ. ಬೈನೆ ಮರಕ್ಕೆ ಮಡಕೆ ಕಟ್ಟಿದರೆ ಕಳ್ಳು, ಜೇನುಹಲ್ಲೆಯನ್ನು ಬಟ್ಟೆಯಲ್ಲಿ ತೂಗುಹಾಕಿದರೆ ತುಪ್ಪ, ಮನೆಯ ಮಾಡಿನ ಅಂಚಿಗೆ ಹಂಡೆ ಇಟ್ಟರೆ ಆರು ತಿಂಗಳ ನೀರು. ಇಷ್ಟನ್ನೆಲ್ಲ ಹಿಡಿಯುವವನಿಗೆ ಒಂದು ಎಂಜಿನ್ನಿನ ತೇಗು ಯಾವ ದೊಡ್ಡ ಸಂಗತಿ?

ಅಗಲ ಬಾಯಿಯ ಒಂದು ಗಾಜಿನ ಶೀಸೆ ಹುಡುಕಿದೆ. ಕಾಚಂಪುಳಿ ಮುಗಿದು ಖಾಲಿಯಾಗಿದ್ದ ಶೀಸೆ. ಮರದ ಬಿರಡೆಗೆ ಎರಡು ತೂತು, ಎರಡು ಕೊಳವೆ. ಒಂದರಲ್ಲಿ ತೇಗು ಒಳಗೆ ಬರುತ್ತದೆ, ಶೀಸೆಯೊಳಗೆ ತುರುಕಿದ ತೆಂಗಿನ ನಾರಿಗೆ ತಾಗಿ ಎಣ್ಣೆಯನ್ನು ಅಲ್ಲೇ ಬಿಟ್ಟು, ಬರೀ ಗಾಳಿ ಇನ್ನೊಂದರಲ್ಲಿ ಹೊರಟು ಗಾಡಿಯ ಹಿಂಬದಿಗೆ ಹೋಗುತ್ತದೆ. ಸೈಕಲ್ ಟ್ಯೂಬಿನ ಪಟ್ಟಿಯಿಂದ ಶೀಸೆಯನ್ನು ಬ್ಯಾಟರಿಯ ಪಕ್ಕಕ್ಕೆ ಕಟ್ಟಿದೆ. ದಿನಾ ಬೆಳಿಗ್ಗೆ ಬಾನೆಟ್ ಎತ್ತಿ ನೋಡುವುದೇ ಒಂದು ಸಂಭ್ರಮವಾಯಿತು. ಚಳಿ ಬಿಡದ ದಿನಗಳಲ್ಲಿ ಶೀಸೆಗೆ ಇಳಿದ ಎಣ್ಣೆ ನೀರು ಸೇರಿ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ಬರುತ್ತಿತ್ತು. ಬಿಸಿಲು ಬಲಿತ ಹಾಗೆ ಕಪ್ಪಗೆ, ಮಂದವಾಗಿ, ಅಂಟಂಟಾಗಿ ಶೇಖರವಾಗತೊಡಗಿತು.

ದೇವಕಿಗೆ ವಿಷಯ ಹೇಳಿದೆ. ಅವಳು ಜೀಪಿನ ಸುತ್ತ ಒಂದು ಪ್ರದಕ್ಷಿಣೆ ಬಂದು, ಷರತ್ತು ಹಾಕಿದಳು. ಮದುವೆಗೆ ಇದರಲ್ಲೇ ಬರುತ್ತೇನೆ, ದಾರಿಯಲ್ಲಿ ವಾಸನೆ ಬಂದರೆ ಎಲ್ಲಿ ಬಂತೋ ಅಲ್ಲೇ ಇಳಿದು ಬಸ್ಸು ಹತ್ತುತ್ತೇನೆ. ಮದುವೆಯ ಹಿಂದಿನ ದಿನ, ಅಂದರೆ ಚಪ್ಪರದ ದಿನ ಬೆಳಿಗ್ಗೆ ಹೊರಟೆವು. ಏರು ಬಂದಲ್ಲೆಲ್ಲ ನಾನು ಉಸಿರು ಹಿಡಿದೆ, ಅವಳು ಉಸಿರು ಎಳೆದಳು. ಮಡಿಕೇರಿ ಬಂತು. ಬಸ್ಸುಗಳು ಸಾಲಾಗಿ ನಿಂತಿದ್ದವು. ಜೀಪು ನಿಧಾನ ಮಾಡಿ ಅವಳ ಮುಖ ನೋಡಿದೆ. ಅವಳು ಮೂಗನ್ನು ಗೇರಿನ ಕೋಲಿನ ಹತ್ತಿರಕ್ಕೇ ತಂದು ಮೂಸಿ, "ಇಲ್ಲೆ" ಎಂದಳು, ವಾಸನೆ ಇಲ್ಲ ಎಂದು. ಆ ಎರಡಕ್ಷರಕ್ಕೆ ನನಗಾದ ಸಂತೋಷ ಇಷ್ಟೇ ಎಂದು ಹೇಳಲಾರೆ. ಸಂಪಾಜೆಯ ತನಕ ಘಾಟಿಯ ತಿರುವುಗಳಲ್ಲೆಲ್ಲ ಬೇಕಿಲ್ಲದಿದ್ದರೂ ಹಾರ್ನ್ ಹೊಡೆದುಕೊಂಡು ಹೋದೆ.

ಸಂತೋಷ ಅಲ್ಲಿಗೇ ನಿಂತಿದ್ದರೆ ಈ ಕಥೆಗೆ ದಾರ ಬೇಕಿರಲಿಲ್ಲ. ನನ್ನ ಸಾಹಸವನ್ನು ಮಾವನಿಗೆ ತೋರಿಸದಿದ್ದರೆ ಹೇಗೆ? ಶೀಸೆಯನ್ನು ಬಿಚ್ಚಿ, ನಾರು ತೆಗೆದು, ಹೊರಗೆಲ್ಲ ಒರೆಸಿ, ಒಂದು ಒಳ್ಳೆಯ ಬಿರಡೆ ಹಾಕಿ ಜಗಲಿಯ ಕಟ್ಟೆಯ ಮೇಲೆ ಇಟ್ಟೆ. ಮಾವ ಬಾಳೆ ಎಲೆ ತರಲು ಹೋಗಿದ್ದರು. ಬರಲಿ ಎಂದು ನಾನು ಚಪ್ಪರದ ಕಂಬಕ್ಕೆ ಮಾವಿನ ಸೊಪ್ಪು ಕಟ್ಟುವವರ ಜೊತೆ ಸೇರಿಕೊಂಡೆ.

ಜಗಲಿಗೆ ಬಂದವರು ಅತ್ತೆ. ಶೀಸೆ ಕಂಡರು. ಕಪ್ಪು, ಮಂದ, ಅಂಟು. ಮಾದಾಪುರದಿಂದ ಮದುವೆಮನೆಗೆ ಬಂದ ಅಳಿಯ ಒಂದು ಶೀಸೆ ಕಾಚಂಪುಳಿ ತಂದು, ಹೇಳಿಕೊಳ್ಳದೆ ಇಟ್ಟು ಹೋಗಿದ್ದಾನೆ ಎಂದುಕೊಂಡರು. "ನಮ್ಮ ಅಳಿಯಂಗೆ ಎಷ್ಟ್ ಪ್ರೀತಿ" ಎಂದು ನಾಲ್ಕು ಜನಕ್ಕೆ ಕೇಳುವಂತೆ ಹೇಳಿ, ಶೀಸೆಯನ್ನು ಹಿತ್ತಿಲಿನ ಒಲೆಗೆ ಒಯ್ದರು. ಅಲ್ಲಿ ಅವರ ತಮ್ಮ ಕುಶಾಲಪ್ಪ ಮಾವ, ಇಡೀ ಚಪ್ಪರದ ಊಟಕ್ಕೆ ಆಗುವ ಹಂದಿ ಸಾರನ್ನು ದೊಡ್ಡ ಕೊಳಗದಲ್ಲಿ ಮಗುಚುತ್ತಿದ್ದರು. ಹಸಿ ಸೌದೆಯ ಹೊಗೆಯಲ್ಲಿ ಕಣ್ಣು, ಮೂಗು ಎರಡೂ ನೀರಾಗಿ ಹೋಗಿದ್ದವು. ಹುಳಿ ಹಾಕುವ ಹದವೂ ಬಂದಿತ್ತು. ಅಕ್ಕ ಕೊಟ್ಟದ್ದನ್ನು ತೆಗೆದುಕೊಂಡು, ಬಿರಡೆ ಕಿತ್ತು, ಸೌಟಿನ ತುಂಬ ಹೊಯ್ದುಕೊಂಡರು.

ದೇವಕಿ ಒಳಕೋಣೆಯಲ್ಲಿ ತಂಗಿಯ ತಲೆಗೆ ಹೂ ಮುಡಿಸುತ್ತಿದ್ದಳು. ನಡುವೆ ಎರಡು ಬಾಗಿಲು, ಒಂದು ಅಂಗಳ, ಮಲ್ಲಿಗೆ, ಸಾಂಬ್ರಾಣಿ, ಮಸಾಲೆ, ಹೊಗೆ. ಅಷ್ಟೆಲ್ಲ ದಾಟಿ ಹೋದ ಆ ಒಂದು ಎಳೆ ವಾಸನೆ ಅವಳ ಮೂಗಿಗೆ ಸಿಕ್ಕಿತು. ಹೂವನ್ನು ಹಾಗೇ ಬಿಟ್ಟು ಓಡಿ ಬಂದಳಂತೆ. ಕುಶಾಲಪ್ಪ ಮಾವನ ಸೌಟು ಕೊಳಗದ ಮೇಲೆ ಬಾಗುವಷ್ಟರಲ್ಲಿ ಅವರ ಮಣಿಕಟ್ಟು ಹಿಡಿದು, "ಮಾವ, ಅದ್ ಪುಳಿ ಅಲ್ಲ. ನಮ್ಮ ಗಾಡಿದ್" ಎಂದಳು.

ನನ್ನನ್ನು ಕರೆಸಿದರು. ಬೆರಳಲ್ಲಿ ಮಾವಿನ ಸೊಪ್ಪು ಹಿಡಿದುಕೊಂಡೇ ಹೋಗಿ ನಿಂತೆ. ಕೊಳಗ ಕುದಿಯುತ್ತಿತ್ತು, ಅತ್ತೆ ಸೌಟನ್ನೂ ನನ್ನನ್ನೂ ಸರದಿಯಲ್ಲಿ ನೋಡುತ್ತಿದ್ದರು. ಏನಾದರೊಂದು ಹೇಳಿ ಜಾರಿಕೊಳ್ಳುವ ಬುದ್ಧಿ ಬಂತು. ಆದರೆ ದೇವಕಿ ಇನ್ನೂ ಏದುಸಿರು ಬಿಡುತ್ತಿದ್ದಳು, ಕೈಯಲ್ಲಿ ಮಲ್ಲಿಗೆಯ ತುಂಡು ಇತ್ತು. ಅವಳನ್ನು ನೋಡಿ ಸೊಪ್ಪನ್ನು ಕೆಳಗಿಟ್ಟೆ. "ಎಂಜಿನ್ ಎಣ್ಣೆ, ಅತ್ತೆ. ಜಂಬ ತೋರಿಸಲಿಕ್ಕೆ ನಾನೇ ಇಟ್ಟದ್ದು. ಇವಳ ಮೂಗಿಗೆ ಊರಿಗೆಲ್ಲ ಕೇಳುವ ಹಾಗೆ ನಗಾಡಿದವನೂ ನಾನೇ. ಇವತ್ತು ಚಪ್ಪರಕ್ಕೆ ಊಟ ಹಾಕಿದ್ದು ಅದೇ ಮೂಗು" ಎಂದೆ. ಮೊದಲು ನಕ್ಕವರು ಕುಶಾಲಪ್ಪ ಮಾವ. ಆಮೇಲೆ ಹಿತ್ತಿಲು ನಕ್ಕಿತು, ಅಂಗಳ ನಕ್ಕಿತು, ಮದುಮಗಳು ಅರ್ಧ ಮುಡಿದ ತಲೆಯಲ್ಲೇ ಬಂದು ನಕ್ಕಳು. ಬಾಳೆ ಎಲೆ ತಂದ ಮಾವ ಆ ಎಣ್ಣೆಯನ್ನು ಒಯ್ದು ಎತ್ತಿನ ಗಾಡಿಯ ಅಚ್ಚಿಗೆ ಸವರಿದರು. ಶೀಸೆಯನ್ನು ಅತ್ತೆ ಬಾಳೆಯ ಬುಡದಲ್ಲಿ ಹೂಳಿಸಿದರು. ಸಾರು ಬಹಳ ಚೆನ್ನಾಗಿತ್ತು.

ಮನೆಗೆ ಬಂದ ಮೇಲೆ ದೇವಕಿ ಮಾಡಿದ ಮೊದಲ ಕೆಲಸ ಅಡುಗೆಮನೆಯ ಕಾಚಂಪುಳಿಯ ಶೀಸೆಗೆ ಗುರುತಿಗೆಂದು ಕೆಂಪು ದಾರ ಕಟ್ಟಿದ್ದು. ಕಟ್ಟಬೇಕಾದ್ದು ಜೀಪಿಗೆ ಹೊಸದಾಗಿ ಹಾಕುವ ಶೀಸೆಗೆ ಅಲ್ಲವೇ ಎಂದು ನಾನು ವಾದ ಹೂಡಿದೆ. ಜೀಪಿನದ್ದಕ್ಕೆ ಕಟ್ಟಿದರೆ ಎಣ್ಣೆ ಕುಡಿದು ದಾರವೇ ಕಪ್ಪಾಗುತ್ತದೆ, ಆಮೇಲೆ ಯಾರಿಗೆ ಕಾಣುತ್ತದೆ ಎಂದಳು. ವಾದ ಮುಗಿಯಿತು. ದಾರದ ಕಥೆಯೂ ಇಷ್ಟೇ.

ಆದರೆ ಮನೆಗೆ ಬಂದದ್ದು ಹೇಗೆ ಎಂದು ಹೇಳಲಿಲ್ಲ. ಮದುವೆ ಮುಗಿಸಿ ಹೊರಡುವಾಗ ಉಸಿರು ಕೊಳವೆಗೆ ಕಟ್ಟಲು ಶೀಸೆ ಇರಲಿಲ್ಲ. ಆ ಮನೆಯಲ್ಲಿ ನನ್ನ ಕೈಗೆ ಇನ್ನೊಂದು ಶೀಸೆ ಕೊಡುವ ಧೈರ್ಯ ಯಾರಿಗೂ ಇರಲಿಲ್ಲ, ಕೇಳುವ ಮುಖ ನನಗೂ ಇರಲಿಲ್ಲ. ಮುಂದೆ ಇದ್ದದ್ದು ಮಡಿಕೇರಿಯ ತನಕ ಬರೀ ಏರು. ಸಂಪಾಜೆಯ ಪೇಟೆಯಲ್ಲಿ ಬಸ್ಸು ಹೊರಡಲು ನಿಂತಿತ್ತು. ಅದರ ಪಕ್ಕಕ್ಕೆ ಜೀಪು ನಿಲ್ಲಿಸಿ, "ಇವತ್ತು ಶೀಸೆ ಇಲ್ಲ. ಘಾಟಿಲಿ ವಾಸನೆ ಬಂದೇ ಬರ್ತದೆ. ನೀನು ಬಸ್ಸಲ್ಲಿ ಬಾ, ನಾನು ಹಿಂದೆ ಬರ್ತೇನೆ" ಎಂದೆ. ಕಂಡಕ್ಟರು ಬಾಗಿಲು ಹಿಡಿದು ನಮ್ಮ ಕಡೆ ನೋಡಿದ. ಕಿಟಕಿಯ ಪಕ್ಕ ಒಂದು ಸೀಟು ಖಾಲಿ ಇರುವುದೂ ಕಾಣುತ್ತಿತ್ತು.

ದೇವಕಿ ಬಸ್ಸನ್ನು ನೋಡಿದಳು, ನನ್ನನ್ನು ನೋಡಿದಳು. ಸೆರಗನ್ನು ಎರಡು ಸುತ್ತು ತಂದು ಆ ಮೂಗಿನ ಮೇಲೆ ಬಿಗಿಯಾಗಿ ಹಿಡಿದುಕೊಂಡಳು. ಸೆರಗಿನೊಳಗಿಂದ ಮಾತು ಬಂತು.

"ಬೊಡ."

ಬೊಡದ ಹತ್ತಿರ ಚೌಕಾಶಿ ಇಲ್ಲ ಎಂದು ನಾನು ಆಗಲೇ ಹೇಳಿದೆನಲ್ಲ. ಗೇರು ಹಾಕಿದೆ.