ಕಾಕಾ ತೆಗೆಯದ ಫೋಟೋ

ಕಾಕಾನ ಕಪ್ಪು ಕುತ್ತಿಗೆಯ ಹಿಂದೆ ಎರಡು ಬೆರಳಗಲದ ಬೆಳ್ಳನೆಯ ಪಟ್ಟಿಯೊಂದಿತ್ತು. ವರ್ಷಗಟ್ಟಲೆ ಕ್ಯಾಮೆರಾದ ಬೆಲ್ಟು ಕೂತ ಜಾಗ ಅದು, ಅಲ್ಲಿಗೆ ಬಿಸಿಲು ತಾಗಿರಲಿಲ್ಲ. ಉಗುರಿನ ಸಂದಿಯಲ್ಲಿ ಮಾತ್ರ ಸದಾ ಇಂಜಿನ್ನಿನ ಮಸಿ. ಕಾರಿನ ಕೆಲಸ ಮುಗಿದ ಮೇಲೆ ಸೀಮೆಎಣ್ಣೆಯಲ್ಲಿ ಕೈ ತಿಕ್ಕಿ, ಸೋಪಿನ ಪುಡಿ ಹಾಕಿ ತೊಳೆದು, ಮನೆಯ ಕಟ್ಟೆಯ ಮೇಲೆ ಎರಡೂ ಅಂಗೈಗಳನ್ನು ಬಿಸಿಲಿಗೆ ಚಾಚಿ ಕೂರುತ್ತಿದ್ದರು. ಪೂರಾ ಒಣಗುವ ತನಕ ಏನನ್ನೂ ಮುಟ್ಟುತ್ತಿರಲಿಲ್ಲ. ಅವರ ಹೆಂಡತಿ, ನಮ್ಮ ಕಾಕೂ, ಚಹಾದ ಬಸಿಯನ್ನು ಅವರ ಬಾಯಿಗೆ ಹಿಡಿದು, "ಕೂಸಿಗೆ ಕುಡಿಸಿದಂಗ ಆತು ನನ್ನ ಬಾಳೇವು" ಎಂದು ಬೈಯುತ್ತಿದ್ದರು. ಆ ಕೈ ಕ್ಯಾಮೆರಾಕ್ಕೆ ಮೀಸಲು.

ರಾಯಬಾಗದ ಓಣಿಯಲ್ಲಿ ಅವರದು ನಮ್ಮ ಎದುರು ಮನೆ. ಸ್ವಂತ ಕಬ್ಬಿನ ಹೊಲವಿತ್ತು. ಫೋಟೋ, ಕಾರು ಎರಡೂ ಅವರಿಗೆ ಹುಚ್ಚು, ದಂಧೆಯಲ್ಲ. ನಮ್ಮಪ್ಪ ಎಮ್ಮೆ ಕಟ್ಟಿಕೊಂಡು ಓಣಿಗೆ ಹಾಲು ಹಾಕುವವನು. ಅಪ್ಪನಿಗಿಂತ ಚಿಕ್ಕವರಾದ್ದರಿಂದ ನನಗೆ ಅವರು ಕಾಕಾ.

ಕಾರು ಹಳೇ ಕಾಲದ್ದು, ಕೆನೆಬಣ್ಣದ್ದು, ಗೇರು ಸ್ಟೇರಿಂಗಿನ ಮಗ್ಗುಲಲ್ಲೇ ಇದ್ದದ್ದು. ಜನರ ಜೊತೆ ಕನ್ನಡ ಮಾತಾಡುವ ಕಾಕಾ ಕಾರಿನ ಜೊತೆ ಮರಾಠಿ ಮಾತಾಡುತ್ತಿದ್ದರು. ಬೆಳಿಗ್ಗೆ ಚಾವಿ ತಿರುವುವಾಗ, "ಚಲ್ ಗ ಬಾಯಿ, ಚಲ್" ಎಂದು, ನಡಿಯೇ ತಾಯಿ ಎನ್ನುವಂತೆ, ರಮಿಸುತ್ತಿದ್ದರು.

"ಅದಕ್ಕ ಕನ್ನಡ ಬರಂಗಿಲ್ಲೇನ್ರಿ ಕಾಕಾ?" ಎಂದು ನಾನೊಮ್ಮೆ ಕೇಳಿದ್ದೆ.

"ತವರುಮನಿ ಸಾಂಗ್ಲಿ ಅಲ್ಲೇನವಾ ಅದರದು? ಕನ್ನಡದಾಗ ಕರದ್ರ ಅತ್ತಿ ಕರದಂಗ ಅನಸತೈತಿ ಅದಕ್ಕ."

ರವಿವಾರ ಬಂತೆಂದರೆ ಆ ಕಾರಿನಲ್ಲಿ ಕುಡಚಿಯ ಹೊಳೆದಂಡೆಗೆ ಹೋಗಿ, ದನ ಮೈ ತೊಳೆಯುವವರದೋ ಕಬ್ಬಿನ ಟ್ರ್ಯಾಕ್ಟರಿನವರದೋ ಫೋಟೋ ತೆಗೆಯುತ್ತಿದ್ದರು. ಮುಂದಿನ ವಾರ ಅದೇ ಜನರನ್ನು ಹುಡುಕಿಕೊಂಡು ಹೋಗಿ ಪ್ರಿಂಟು ಕೊಟ್ಟು ಬರುತ್ತಿದ್ದರು. "ಮುಖ ಅವರದು, ನಾ ಯಾಕ ಇಟಗೊಳ್ಳಿ?" ಎನ್ನುವುದು ಅವರ ಮಾತು.

ಓಣಿಯಲ್ಲಿ ಅವರ ಬಗ್ಗೆ ಒಂದು ನಂಬಿಕೆ ಇತ್ತು. ಗಂಡಿನ ಕಡೆಯವರಿಗೆ ತೋರಿಸುವ ಹುಡುಗಿಯ ಫೋಟೋ ಕಾಕಾ ತೆಗೆದರೆ ಲಗ್ನ ಕೂಡಿತೆಂದೇ ಲೆಕ್ಕ. ಸ್ಟುಡಿಯೋದಲ್ಲಿ ತೆಗೆಸಿದ ಹುಡುಗಿಯರು ಮನೆಯಲ್ಲೇ ಉಳಿದದ್ದುಂಟು, ಕಾಕಾ ತೆಗೆದವರು ತಿಂಗಳೊಪ್ಪತ್ತಿನಲ್ಲಿ ಗಂಡನ ಮನೆ ಸೇರಿದ್ದರು. ಎಲ್ಲರ ಕೈಗೂ ಮೊಬೈಲು ಬಂದ ಮೇಲೂ ತಾಯಂದಿರು ಮಗಳಿಗೆ ರೇಷ್ಮೆ ಸೀರೆ ಉಡಿಸಿ ಅವರ ಅಂಗಳಕ್ಕೇ ಕರೆತರುತ್ತಿದ್ದರು.

ನಾನು ಬಿ.ಎ. ಎರಡನೇ ವರ್ಷ ಮುಗಿಸಿದಾಗ ಬೋರಗಾಂವದಿಂದ ಒಂದು ಸಂಬಂಧ ಬಂತು. ಮನೆಯಲ್ಲೇ ಮಗ್ಗ ಹಾಕಿಕೊಂಡಿದ್ದ ಅನುಕೂಲಸ್ಥರು, ಫೋಟೋ ಕಳಿಸಿ ಎಂದರು. ಲಗ್ನವಾದ ಮೇಲೆ ಓದಿಸುವ ಮಾತು ಅವರ ಬಾಯಲ್ಲಿ ಇರಲಿಲ್ಲ. ನಮ್ಮ ಮನೆತನದಲ್ಲಿ ಯಾರೂ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಒಂದು ವರ್ಷ ಉಳಿದಿತ್ತು, ಅಷ್ಟೇ.

ಅವ್ವನ ಸೀರೆ ಉಟ್ಟು ಕಾಕಾನ ಅಂಗಳದಲ್ಲಿ ನಿಂತೆ. ಅವರು ಕ್ಯಾಮೆರಾ ಕಣ್ಣಿಗೆ ಹಚ್ಚಿದರು, ಇಳಿಸಿದರು.

"ಅಳಾಕತ್ತೀಯೇನು?"

"ಇಲ್ರಿ."

"ಕ್ಯಾಮೆರಾಕ್ಕ ಸುಳ್ಳ ತಿಳಿಯಂಗಿಲ್ಲ ಅಂದ್ಕೊಂಡೀಯೇನು? ಹೇಳು."

"ಕಡೇ ವರ್ಷ ಉಳದೈತ್ರಿ ಕಾಕಾ."

ಅವರು ಲೆನ್ಸಿಗೆ ಮುಚ್ಚಳ ಹಾಕಿದರು. ಕಟ್ಟೆಯ ಮೇಲೆ ಕೂತಿದ್ದ ಅವ್ವನಿಗೆ, "ವೈನಿ, ಇವತ್ತ ಬೆಳಕು ಬರೋಬ್ಬರಿ ಇಲ್ಲ" ಎಂದರು. ಅಂಗಳದ ತುಂಬ ಕಣ್ಣು ಕುಕ್ಕುವ ಬಿಸಿಲು.

ಆಮೇಲೆ ಮೋಡ ಅಡ್ಡ ಬಂತು. ಗೋಡೆಗೆ ಸುಣ್ಣ ಬಳಿಯಬೇಕೆಂದರು. ಲೆನ್ಸಿನಲ್ಲಿ ಬೂಷ್ಟು ಹಿಡಿದು ಮಿರಜಿಗೆ ಕಳಿಸಿದ್ದಾಯಿತು. "ನಿಮ್ಮ ಕ್ಯಾಮೆರಾಕ್ಕ ನನಗಿಂತ ಜಡ್ಡು ಭಾಳ" ಎಂದು ಕಾಕೂ ನಕ್ಕರು. ಅವರಿಗೂ ಗೊತ್ತಿತ್ತು. ಅಷ್ಟರಲ್ಲಿ ಕಾಲೇಜು ಶುರುವಾಯಿತು, ದೀಪಾವಳಿಯೂ ದಾಟಿತು. ಬೋರಗಾಂವದವರು ಅಪ್ಪನಿಗೆ ಮತ್ತೆ ಫೋನ್ ಮಾಡಿದರು.

ಅವತ್ತು ಅಪ್ಪ ಹಾಲಿನ ಕ್ಯಾನು ಹಿಡಿದುಕೊಂಡೇ ಹೋದ. ಕಾಕಾ ಕಾರಿನ ಅಡಿಯಲ್ಲಿ ಮಲಗಿದ್ದರು, ಎರಡು ಪಾದ ಮಾತ್ರ ಕಾಣುತ್ತಿದ್ದವು. ನಾನು ನಮ್ಮ ಬಾಗಿಲಲ್ಲಿ ನಿಂತಿದ್ದೆ.

"ಏ ತಮ್ಮಾ, ಹೊರಗ ಬಾ."

"ಆಯಿಲ್ ಬಿಡಾಕತ್ತೀನಿ ಅಣ್ಣಾ, ಅಲ್ಲಿಂದನ ಹೇಳ್ರಿ."

"ನನ್ನ ಮಗಳ ಫೋಟೋ ತಗೀತೀಯೋ ಇಲ್ಲೋ?"

ಪಾದಗಳು ಅಲುಗಾಡದೆ ನಿಂತವು. "ತಗ್ಯಾಂಗಿಲ್ಲ" ಎಂದಿತು ಕಾರಿನ ಅಡಿಯ ದನಿ. ಆಮೇಲೆ ಅವರು ಜರುಗಿ ಹೊರಬಂದರು, ಗಲ್ಲಕ್ಕೆಲ್ಲ ಎಣ್ಣೆ. "ನಾ ತಗದ್ರ ಲಗ್ನ ಕೂಡತೈತಿ ಅಂತ ನೀವ ಅಂತೀರಿ. ಅದಕ್ಕ ಅಂಜಿಕಿ ನನಗ. ಸ್ಟುಡಿಯೋಕ್ಕ ಕರ್ಕೊಂಡ ಹೋಗ್ರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಅಕಿ ಪರೀಕ್ಷಾ ಮುಗಿಯೂಮಟಾ ಈ ಕೈಲೆ ತಗ್ಯಾಂಗಿಲ್ಲ."

ಅಪ್ಪ ಹಾಲು ಹಾಕದೆ ವಾಪಸು ಬಂದ. ಸ್ಟುಡಿಯೋಕ್ಕೆ ಹೋಗಲು ಅವನಿಗೆ ಧೈರ್ಯ ಬರಲಿಲ್ಲ. ಕಾಕಾ ಒಲ್ಲೆ ಎಂದ ಮೇಲೆ ತೆಗೆಸಿದ ಫೋಟೋದಿಂದ ಒಳ್ಳೆಯದಾಗುತ್ತದೆಂದು ಅವನ ಮನಸ್ಸು ಒಪ್ಪಲಿಲ್ಲ. ಬೋರಗಾಂವದವರು ಬೇರೆ ಕಡೆ ನೋಡಿಕೊಂಡರು. ಆದರೆ ಎದುರು ಮನೆಗೆ ಅಪ್ಪ ಹಾಲು ಬಂದ್ ಮಾಡಿದ. ಓಣಿಯ ನಡುವೆಯೇ ಕಾಕಾನನ್ನು ಕಂಡರೂ ಮುಖ ತಿರುವುತ್ತಿದ್ದ. ಪಾಕೀಟಿನ ಹಾಲಿನ ಚಹಾ ಕುಡಿದು ಕಾಕೂ ಗೊಣಗಿದರೆ, ಕಾಕಾ ನನಗೂ ಕೇಳುವಂತೆ ಹೇಳುತ್ತಿದ್ದರು: "ಅಂವಾ ಸಿಟ್ಟಿನ್ಯಾಗ ಅದಾನ, ಅಕಿ ಓದಿನ್ಯಾಗ ಅದಾಳ. ಎರಡೂ ಛಲೋನ ನಡದಾವ ಬಿಡು."

ನಾನು ಪಾಸಾದೆ, ಫಸ್ಟ್ ಕ್ಲಾಸು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಸುಮ್ಮನೆ ಬಂದದ್ದಲ್ಲ ಅದು. ಆ ಸಂಜೆ ಅಪ್ಪ ಎಮ್ಮೆ ಹಿಂಡಿ, ನೊರೆ ಆರುವ ಮುನ್ನವೇ ಚರಿಗೆ ಹಿಡಿದು ಎದುರು ಮನೆಗೆ ಹೋದ.

"ನೀರ ಹಾಕಿಲ್ಲಲ್ಲ ಅಣ್ಣಾ?" ಎಂದರು ಕಾಕಾ.

"ಇವತ್ತೊಂದಿನ ಇಲ್ಲ" ಎಂದ ಅಪ್ಪ.

ಬಿ.ಎಡ್. ಮುಗಿದು ಅಥಣಿಯಲ್ಲಿ ಶಿಕ್ಷಕಿಯಾದ ಮೇಲೆ ನಾನೇ ಹೋಗಿ, "ಈಗ ತಗೀರಿ ಕಾಕಾ" ಎಂದೆ. ತೆಗೆದರು. ಆ ವರ್ಷವೇ ಲಗ್ನವೂ ಕೂಡಿತು. ಓಣಿಯ ನಂಬಿಕೆ ಮತ್ತಷ್ಟು ಗಟ್ಟಿಯಾಯಿತು.

ಹೋದ ವರ್ಷ ಕಾಕಾ ತೀರಿಕೊಂಡರು. ಎದೆನೋವು ಬಂದು ಆಸ್ಪತ್ರೆ ಮುಟ್ಟುವುದರೊಳಗೆ ಹೋಗಿಬಿಟ್ಟರು. ಸಂಬಳದ ದಿನ ಇರಲಿ, ಮಕ್ಕಳು ಟೀಚರ್ ಎಂದು ಕರೆದಾಗಿರಲಿ, ತಿಂಗಳುಗಟ್ಟಲೆ ನನಗಾಗಿ ಸುಳ್ಳು ಹೇಳಿ, ಕೊನೆಗೆ ನಿಜವನ್ನೂ ಹೇಳಿದ ಆ ಮನುಷ್ಯ ನೆನಪಾಗುತ್ತಾರೆ.

ಮೊನ್ನೆ ನಾನು ತವರಿನಲ್ಲಿದ್ದಾಗ ನಿಪ್ಪಾಣಿ ಕಡೆಯ ಬೀಗರೊಬ್ಬರು ನನ್ನ ತಂಗಿಯನ್ನು ಕೇಳಿಕೊಂಡು ಬಂದರು. ಅವಳು ಇನ್ನೂ ಡಿಗ್ರಿ ಎರಡನೇ ವರ್ಷ. "ಒಂದ ಫೋಟೋ ಕೊಡ್ರಿ ಸಾಕು" ಎಂದರು.

"ನಮ್ಮನಿ ಹುಡುಗ್ಯಾರ ಫೋಟೋ ತಗಿಯವ್ರು ಹೋಗ್ಯಾರ್ರಿ" ಎಂದ ಅಪ್ಪ.

ಬೀಗರು ನಕ್ಕರು. "ಕೈಯಾಗ ಮೊಬೈಲ್ ಐತೆಲ್ರಿ ಮಾವಾರ."

ಅಪ್ಪ ಮೊಬೈಲನ್ನು ಅಂಗಿಯ ಕಿಸೆಗೆ ಇಳಿಸಿ, "ಚಾ ತಗೋರಿ, ಆರತೈತಿ" ಎಂದ.