ಪಿಕಪ್ಪಿಗೆ ಅಪ್ಪ ಕೊಟ್ಟ ಕಲ್ಲು

ಗ್ಯಾರೇಜಿನಿಂದ ಗುಡುಗುತ್ತ ಹೊರಬಂದ ಆ ಕೆಂಪು ಗಾಡಿ ನಾವು ಮಾರಿದ ಹಳೆಯ ಪಿಕಪ್ ಎಂದರೆ ನಂಬಲಾಗಲಿಲ್ಲ. ಅಗಲ ಚಕ್ರ, ಹೊಸ ಎಂಜಿನ್, ಕನ್ನಡಿಯಂಥ ಬಣ್ಣ! ಅದನ್ನು ಕೊಂಡು ಹೊಸದಾಗಿ ಕಟ್ಟಿದ ಯಲ್ಲಾಪುರದ ಮೆಕ್ಯಾನಿಕ್ ರಫೀಕಣ್ಣ, ಮೊದಲ ಸುತ್ತು ಹೊಡೆಯಲು ಅಪ್ಪನ ಕೈಗೇ ಕೀಲಿ ಕೊಟ್ಟ.

ಸುತ್ತು ಮುಗಿಸಿ ಬಂದ ಅಪ್ಪ, ಗ್ಯಾರೇಜಿನ ಅಂಗಳ ಬಿಟ್ಟು ಇಳಿಜಾರು ಹುಡುಕಿ ನಿಲ್ಲಿಸಿದ. ಇಳಿದವನೇ ಗಾಡಿ ಉರುಳದಂತೆ ಚಕ್ರಕ್ಕೊಂದು ಚಿರೆಕಲ್ಲಿನ ತುಂಡು ಕೊಟ್ಟ. ನಮ್ಮಲ್ಲಿದ್ದಾಗ ಗಾಡಿ ಇಳಿಜಾರಿನಲ್ಲಿ ಉರುಳಿಸಿದರಷ್ಟೇ ಸ್ಟಾರ್ಟ್ ಆಗುತ್ತಿತ್ತು.

"ಹೆಗಡೇರೆ, ಈಗ ಕೀಲಿ ತಿರುಗ್ಸಿದ್ರೆ ಸಾಕು!" ರಫೀಕಣ್ಣ ನಕ್ಕ.

"ಖರೆ ಮಾರಾಯ. ಕೈಕಾಲಿಗೆ ಗೊತ್ತಾಗ್ಬೇಕಲ್ಲ!" ಎಂದ ಅಪ್ಪ.

ರಫೀಕಣ್ಣ ಕಲ್ಲನ್ನು ಎಸೆಯದೆ ಸೀಟಿನಡಿ ಇಟ್ಟುಕೊಂಡ.

ಅಪ್ಪ ತೀರಿಹೋದ ಮೇಲೆ ಒಮ್ಮೆ ಯಲ್ಲಾಪುರ ಪೇಟೆಯಲ್ಲಿ ಆ ಗಾಡಿ ಕಂಡೆ. ಸಮತಟ್ಟು ರಸ್ತೆಯಲ್ಲೇ ನಿಂತಿತ್ತು. ಆದರೂ ಚಕ್ರಕ್ಕೆ ಅದೇ ಕಲ್ಲು ಕೊಟ್ಟಿತ್ತು.