ಬರ್ಮಾ ಸೊಸೆ ಇಟ್ಟ ಮಡಕೆ

ಪಾವಗಡ. ಮಧುಗಿರಿಗೆ ಹೋಗುವ ಬಸ್ಸು ಕೆಟ್ಟು ನಿಂತಿದ್ದರಿಂದ ಬಡಗಿಯೊಬ್ಬನ ಮನೆಯ ಜಗಲಿಯಲ್ಲಿ ಕೂತೆ. ಅವನು ಯುದ್ಧಕ್ಕೆ ಹೆದರಿ, ಬರ್ಮಾದ ಹೆಂಡತಿಯನ್ನೂ ಮಗಳನ್ನೂ ಕರೆದುಕೊಂಡು ರಂಗೂನಿನಿಂದ ಊರಿಗೆ ಬಂದು ವಾರವೂ ಆಗಿಲ್ಲ. ಬಂದ ಮರುದಿನವೇ ಆಕೆ ದಾರಿಹೋಕರಿಗೆಂದು ಬಾಗಿಲ ಹೊರಗೆ ನೀರಿನ ಮಡಕೆ, ಅದರ ಮೇಲೊಂದು ಲೋಟ ಇಟ್ಟಳಂತೆ. ಅವರ ದೇಶದಲ್ಲಿ ಅದು ವಾಡಿಕೆ. ಇಲ್ಲಿನವರು ಮಡಕೆಯೊಳಗೆ ಹಾವಿದೆಯೇನೋ ಎಂಬಂತೆ ದೂರದಿಂದಲೇ ನೋಡಿ ಹೋಗುತ್ತಾರೆ.

"ನೀರು ಹೊತ್ತೂ ಹೊತ್ತೂ ನನ್ ಸೊಂಟ ಬಿದ್ದೋಯ್ತು. ಇವ್ಳು ತಂದು ಬೀದೀಗಿಡ್ತಾಳೆ," ಎಂದು ಬಡಗಿಯ ತಾಯಿ ಗೊಣಗಿದಳು. ಭಾಷೆ ಬಾರದ ಸೊಸೆ ನಕ್ಕಳು.

"ಅಮ್ಮಾನೂ ಇನ್ನೂ ಅವಳ ಕೈನೀರು ಕುಡಿದಿಲ್ಲ ಸ್ವಾಮಿ," ಎಂದ ಬಡಗಿ, ಮೆಲ್ಲಗೆ.

ಅಷ್ಟರಲ್ಲಿ ಬಿಸಿಲಲ್ಲಿ ಬಂದ ಗಾಡಿಯವನೊಬ್ಬ ಲೋಟಕ್ಕೆ ಕೈ ಚಾಚಿದವನು ಹಾಗೇ ನಿಂತ. "ಆಯಮ್ಮ ಯಾವ ಜನ ಕಣಜ್ಜಿ?"

ಮುದುಕಿ ಅವನನ್ನೇ ನೋಡಿದಳು. ಎದ್ದು ಬಂದು ಮಡಕೆಯಿಂದ ಲೋಟ ತುಂಬಿಕೊಂಡು, ಗಟಗಟನೆ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ನಮ್ಮನೆ ಜನ ಕಣಪ್ಪ. ಕುಡಿಯಂಗಿದ್ರೆ ಕುಡಿ, ಇಲ್ದಿದ್ರೆ ಗಾಡಿ ಹೊಡಿ."